ವಾಷಿಂಗ್ಟನ್ನರ ವಿದಾಯಪತ್ರ ಕನ್ನಡಕ್ಕೆ ಬಂದ ಬಗೆ

ಜಾರ್ಜ್ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷ ಅನ್ನುವುದು ಪಿಯುಸಿ ಮಕ್ಕಳಿಗೆ ಗೊತ್ತು. ಅವರು ನಂಬಿದ್ದೇನು ಅಂತ ಕೇಳಿದರೆ ತರಗತಿ ಸುಮ್ಮನಾಗುತ್ತದೆ. ನಾನು ರಾಜ್ಯಶಾಸ್ತ್ರ ಪಾಠ ಮಾಡುವವನು. ಮೂಲವನ್ನೇ ಓದಿಸೋಣ ಅಂತ ಅವರ ವಿದಾಯಪತ್ರವನ್ನು ತರಗತಿಗೆ ಒಯ್ದೆ. ಮೊದಲ ವಾಕ್ಯ ಮುಗಿಯುವಷ್ಟರಲ್ಲೇ ಮಕ್ಕಳು ಕೈಚೆಲ್ಲಿದರು. ಅಷ್ಟು ಉದ್ದ ಅದು. ಅವತ್ತು ಸಂಜೆ ಕನ್ನಡಕ್ಕೆ ತರಲು ಕೂತೆ.

ಇದೊಂದು ಭಾಷಣ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ವಾಷಿಂಗ್ಟನ್ ಇದನ್ನು ಎಲ್ಲೂ ನಿಂತು ಓದಲಿಲ್ಲ. ಮತ್ತೊಮ್ಮೆ ಅಧ್ಯಕ್ಷನಾಗಲಾರೆ ಎಂದು ಜನರಿಗೆ ಬರೆದ ಕಾಗದ ಇದು. 1796ರ ಸೆಪ್ಟೆಂಬರ್ 19ರಂದು ಫಿಲಡೆಲ್ಫಿಯಾದ ದಿನಪತ್ರಿಕೆಯೊಂದರಲ್ಲಿ ಅಚ್ಚಾಯಿತು. ನಾಲ್ಕು ವರ್ಷ ಮೊದಲು, ಒಂದೇ ಅವಧಿಗೆ ಸಾಕು ಎಂದುಕೊಂಡಿದ್ದಾಗ, ಜೊತೆಗಿದ್ದ ರಾಜಕಾರಣಿ ಜೇಮ್ಸ್ ಮ್ಯಾಡಿಸನ್ ಒಂದು ಕರಡು ಬರೆದುಕೊಟ್ಟಿದ್ದರು. ಈ ಸಲ ಅವರ ಹಣಕಾಸು ಮಂತ್ರಿಯಾಗಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ನೆರವಾದರು. ಕೊನೆಗೆ ಕೂತು ತಿದ್ದಿ ತಮ್ಮದಾಗಿಸಿಕೊಂಡವರು ವಾಷಿಂಗ್ಟನ್. ಸುಮಾರು 6,000 ಪದಗಳ ಕಾಗದ. ಬೆಳಗಿನ ಕಾಫಿ ಆದ ಮೇಲೆ ದಿನಕ್ಕೊಂದು ಪ್ಯಾರಾ ಎಂದು ಲೆಕ್ಕ ಹಾಕಿಕೊಂಡೆ.

ಮೊದಲ ಕರಡನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಏಳನೇ ಕ್ಲಾಸು ಓದಿದವಳು, ದಿನಾ ಪೇಪರ್ ಓದುತ್ತಾಳೆ. ಒಂದು ಪುಟ ಕೇಳಿ, "ಅಲ್ಲ ಮಗಾ, ಈಗ ಏನು ಹೇಳಿದ ಅವನು?" ಅಂದಳು. ನನ್ನ ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಅದು ಬರುವಷ್ಟರಲ್ಲಿ ವಾಕ್ಯದ ಶುರು ಮರೆತುಹೋಗುತ್ತಿತ್ತು. ಅಲ್ಲಿಂದ ದಾರಿ ಬದಲಿಸಿದೆ. ಉದ್ದದ ವಾಕ್ಯ ಸಿಕ್ಕರೆ ಮೊದಲು ಯಾರು, ಏನು ಮಾಡಬೇಕು ಅನ್ನುವುದನ್ನಷ್ಟೇ ಪೆನ್ಸಿಲ್‌ನಲ್ಲಿ ಬರೆಯುವುದು. ಉಳಿದದ್ದನ್ನು ಸಣ್ಣ ಸಣ್ಣ ವಾಕ್ಯ ಮಾಡಿ ಹಿಂದೆ ಮುಂದೆ ಜೋಡಿಸುವುದು. ಜೋರಾಗಿ ಓದುವಾಗ ಉಸಿರು ಸಿಕ್ಕಿಕೊಂಡ ಕಡೆ ಮತ್ತೆ ಕತ್ತರಿಸುವುದು.

ಪದಗಳದ್ದು ಬೇರೆಯೇ ಕಷ್ಟ. ಒಳ್ಳೆಯ ನಡತೆ ಜನರ ಆಳ್ವಿಕೆಗೆ ಬೇಕೇ ಬೇಕಾದ 'ಸ್ಪ್ರಿಂಗ್' ಎನ್ನುತ್ತಾರೆ ವಾಷಿಂಗ್ಟನ್. ನಾನು ಮೊದಲು 'ಚಿಲುಮೆ' ಎಂದು ಬರೆದೆ. ಚೆಂದ ಕಾಣಿಸಿತು, ಆದರೆ ತಪ್ಪು. ಇದು ಫ್ರಾನ್ಸಿನ ಚಿಂತಕ ಮಾಂಟೆಸ್ಕ್ಯೂ ಬಳಸಿದ ಹೋಲಿಕೆ. ಗಡಿಯಾರದೊಳಗೆ ಇರುತ್ತದಲ್ಲ, ಆ ಸ್ಪ್ರಿಂಗು. ರಾಜನ ಆಳ್ವಿಕೆ ಮಾನಮರ್ಯಾದೆಯ ಆಸೆಯಿಂದ ನಡೆಯುತ್ತದೆ, ಸರ್ವಾಧಿಕಾರಿಯದು ಭಯದಿಂದ, ಜನರದ್ದು ನಡತೆಯಿಂದ ಎಂಬುದು ಅವರ ಮಾತು. ಚಿಲುಮೆ ತಾನಾಗಿ ಉಕ್ಕುತ್ತದೆ. ಗಡಿಯಾರಕ್ಕೆ ಯಾರಾದರೂ ಕೀ ಕೊಡಬೇಕು. 'ಸದ್ಗುಣ' ಎಂಬ ಪದವನ್ನೂ ಬಿಟ್ಟೆ. ಅದು ಒಬ್ಬೊಬ್ಬರ ಮನೆಯೊಳಗಿನ ವಿಷಯದಂತೆ ಕೇಳುತ್ತದೆ. ಇಲ್ಲಿರುವುದು ನಾಲ್ಕು ಜನರ ನಡುವೆ ನಡೆದುಕೊಳ್ಳುವ ರೀತಿ. ಹಾಗಾಗಿ 'ನಡತೆ'.

ನನ್ನನ್ನು ತುಂಬಾ ದಿನ ಕಾಡಿದ್ದು ಒಂದೇ ಒಂದು ವಾಕ್ಯ. ಪಕ್ಷದ ಹಠ ದೇಶಕ್ಕೆ ಏನು ಮಾಡುತ್ತದೆ ಎಂದು ಹೇಳುತ್ತಾ ವಾಷಿಂಗ್ಟನ್ ಅದನ್ನು ಬೆಂಕಿಗೆ ಹೋಲಿಸುತ್ತಾರೆ. ಉರಿ ಏಳದಂತೆ ಸದಾ ಕಾಯುತ್ತಿರಬೇಕು, ಇಲ್ಲದಿದ್ದರೆ ಬೆಚ್ಚಗಿಡುವ ಬದಲು ಸುಟ್ಟುಬಿಟ್ಟೀತು ಎನ್ನುತ್ತಾರೆ. ಬೆಂಕಿ ಎಂಥದ್ದು? ಆರಿಸಲಾಗದ್ದೋ, ಆರಿಸಬಾರದ್ದೋ? ಇಂಗ್ಲಿಷಿನ ಮಾತು ಎರಡಕ್ಕೂ ಒಗ್ಗುತ್ತದೆ. ಕನ್ನಡದಲ್ಲಿ ಒಂದನ್ನು ಹಿಡಿಯಲೇಬೇಕು. 'ಆರಿಸಲಾಗದ' ಎಂದರೆ ಪಕ್ಷ ಎಂಬುದು ಬರೀ ಪೀಡೆ. 'ಆರಿಸಬಾರದ' ಎಂದರೆ ಅದೂ ಬೇಕು ಎಂದಂತೆ. ಅರ್ಥ ಪೂರಾ ಬೇರೆ, ಅಲ್ವಾ?

ಅಮ್ಮನ ಮುಂದೆ ಇಟ್ಟೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. "ನಿನ್ನ ಅಜ್ಜಿ ರಾತ್ರಿ ಒಲೆಯ ಕೆಂಡದ ಮೇಲೆ ಬೂದಿ ಮುಚ್ಚಿ ಮಲಗ್ತಿದ್ರು. ಬೆಳಿಗ್ಗೆ ಬೂದಿ ಸರಿಸಿ ಊದಿದರೆ ಸಾಕು. ಆರೋದಿಲ್ಲ, ಹತ್ತಿಕೊಳ್ಳೋದೂ ಇಲ್ಲ. ಆದರೆ ಒಲೆ ಸುತ್ತ ಗುಡಿಸದೆ ಒಂದು ದಿನವೂ ಮಲಗಿದವರಲ್ಲ" ಅಂದಳು. ನಾನು ಬರೆದೆ: 'ಇದು ಆರದ ಬೆಂಕಿ.' ಎರಡೂ ಅರ್ಥ ಅದರೊಳಗೇ ಉಳಿದವು. ಒಂದು ವಾರದ ಕೆಲಸ ಆ ಮೂರು ಪದ.

ಪತ್ರದ ಶುರುವಿನಲ್ಲೇ ಇನ್ನೊಂದು ಸಾಲಿದೆ. ಸ್ವಾತಂತ್ರ್ಯದ ಪ್ರೀತಿ ನಿಮ್ಮ ಎದೆಯ ನರನರದಲ್ಲೂ ಹೆಣೆದುಕೊಂಡಿದೆ, ಅದನ್ನು ಗಟ್ಟಿ ಮಾಡಲು ನನ್ನ ಮಾತು ಬೇಕಿಲ್ಲ ಎನ್ನುತ್ತಾರೆ. ಇದನ್ನು ಅನುವಾದಿಸುವ ದಿನಗಳಲ್ಲೇ ನಾನು ಓನಾ ಜಡ್ಜ್ ಬಗ್ಗೆ ಓದಿದೆ. ವಾಷಿಂಗ್ಟನ್ ಮನೆಯಲ್ಲಿ ಗುಲಾಮಳಾಗಿದ್ದ ಹೆಣ್ಣುಮಗಳು. ಅದೇ 1796ರ ಮೇ ತಿಂಗಳಲ್ಲಿ, ಪತ್ರ ಅಚ್ಚಾಗುವ ನಾಲ್ಕು ತಿಂಗಳು ಮೊದಲು, ಮನೆಯವರು ಊಟಕ್ಕೆ ಕೂತಿದ್ದ ಹೊತ್ತು ನೋಡಿ ಫಿಲಡೆಲ್ಫಿಯಾದ ಆ ಮನೆಯಿಂದ ಹೊರಬಿದ್ದಳು. ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್ ಸೇರಿದಳು. ವಾಷಿಂಗ್ಟನ್ ಅವಳನ್ನು ವಾಪಸ್ ತರಿಸಲು ಮತ್ತೆ ಮತ್ತೆ ಪ್ರಯತ್ನಪಟ್ಟರು. ಆಗಲಿಲ್ಲ. ಮುದುಕಿಯಾದ ಮೇಲೆ, ಬಿಟ್ಟು ಬಂದದ್ದಕ್ಕೆ ಬೇಸರವಿದೆಯಾ ಎಂದು ಕೇಳಿದವರಿಗೆ, ಇಲ್ಲ, ನಾನು ಸ್ವತಂತ್ರಳು ಎಂದಳು.

ಆ ಸಾಲಿನ ಮುಂದೆ ನನ್ನ ಪೆನ್ಸಿಲ್ ಕೆಲವು ದಿನ ಓಡಲಿಲ್ಲ. ನಾನು ವಾಷಿಂಗ್ಟನ್ನರನ್ನು ಗೌರವಿಸುತ್ತೇನೆ. ಯುದ್ಧ ಗೆದ್ದ ಸೇನಾಪತಿ 1783ರ ಡಿಸೆಂಬರ್‌ನಲ್ಲಿ ಅನ್ನಾಪೊಲಿಸ್‌ಗೆ ಹೋಗಿ ಅಧಿಕಾರವನ್ನು ಜನಪ್ರತಿನಿಧಿಗಳ ಕೈಗೆ ಹಿಂದಿರುಗಿಸಿದ್ದು ಸಣ್ಣ ಮಾತಲ್ಲ. ತಾವೂ ಹೆಂಡತಿ ಮಾರ್ಥಾ ಅವರೂ ಸತ್ತ ಮೇಲೆ ತಮ್ಮ ಗುಲಾಮರಿಗೆ ಬಿಡುಗಡೆ ಸಿಗುವಂತೆ ಉಯಿಲಿನಲ್ಲೂ ಬರೆದರು. ಆದರೆ ಓನಾ, ಮಾರ್ಥಾ ಅವರ ಮೊದಲ ಗಂಡನ ಆಸ್ತಿಯ ಲೆಕ್ಕಕ್ಕೆ ಸೇರಿದವಳು. ಆ ಉಯಿಲು ಅವಳನ್ನು ಮುಟ್ಟಲಿಲ್ಲ.

ಅನುವಾದದೊಳಗೆ ಒಂದಕ್ಷರ ಸೇರಿಸಲಿಲ್ಲ. ಆ ಸಾಲು ಅವರು ಬರೆದ ಹಾಗೇ ಇದೆ. ಬದಲಿಗೆ ಓನಾಳದೇ ಒಂದು ಪುಟ ಬರೆದು, ಪತ್ರದ ಮುಂದೆ ಇಟ್ಟು ಪಿನ್ ಹೊಡೆದೆ. ತರಗತಿಯಲ್ಲಿ ಈಗ ಮೊದಲು ಆ ಪುಟ ಓದುತ್ತೇವೆ. ಹಾಳೆ ತಿರುಗಿಸಿದ ಮೇಲೆ ವಾಷಿಂಗ್ಟನ್ನರ ಮೊದಲ ಸಾಲು ಬರುತ್ತದೆ: 'ಗೆಳೆಯರೇ, ಸಹನಾಗರಿಕರೇ.'