ಹೊಟ್ಟೆಯಲ್ಲಿ ಮಗು ಇದ್ದಾಗ ನಾನು ಮೊದಲು ಬಿಟ್ಟದ್ದೇನು

ಮಾಸು ಎಲ್ಲವನ್ನೂ ಸೋಸಿ ಮಗುವಿಗೆ ಒಳ್ಳೆಯದನ್ನಷ್ಟೇ ಕೊಡುತ್ತದೆ ಅಂತ ನಾನು ನಂಬಿದ್ದೆ. ಮೂರನೇ ತಿಂಗಳಲ್ಲಿ ಆ ನಂಬಿಕೆ ಹೋಯಿತು. ಅಮೆರಿಕದಲ್ಲಿ 10 ಶಿಶುಗಳ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿ, ಒಟ್ಟು 287 ರಾಸಾಯನಿಕಗಳು ಸಿಕ್ಕಿವೆ ಎಂದು 2005ರಲ್ಲಿ ವರದಿ ಮಾಡಿದ್ದರಂತೆ. ಸಿಕ್ಕಿದ ಮಾತ್ರಕ್ಕೆ ಎಲ್ಲವೂ ಹಾನಿ ಮಾಡಿದವು ಅಂತಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಎಸೆಯಲು ಹೊರಟೆ. ಅರ್ಧಕ್ಕೇ ಸುಸ್ತಾಯಿತು. ಎಲ್ಲವನ್ನೂ ಬಿಡಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಒಂದೇ ಪ್ರಶ್ನೆ ಇಟ್ಟುಕೊಂಡೆ: ಇದು ಮೈಗೆ ಸೇರಿದರೆ ಎಷ್ಟು ದಿನ ಉಳಿಯುತ್ತದೆ?

ಹಾಗೆ ನೋಡಿದರೆ ಮೊದಲು ಬರುವುದು ಸೀಸ. ಅದು ಮೂಳೆಯಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಬಸುರಿಯ ಮೂಳೆಯಿಂದ ಕ್ಯಾಲ್ಸಿಯಂ ಇಳಿಯುವಾಗ ಅದರ ಜೊತೆ ಸೀಸವೂ ರಕ್ತಕ್ಕೆ ಬರುತ್ತದೆ.

ಇದು ಗೊತ್ತಿದ್ದೂ ನಮ್ಮಲ್ಲಿ ತಪ್ಪಾಯಿತು. ಐದನೇ ತಿಂಗಳಲ್ಲಿ ನಮ್ಮೆಜಮಾನರು ಮಗುವಿಗಾಗಿ ಕೋಣೆ ಸಿದ್ಧ ಮಾಡಲು ಹಳೇ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜತೊಡಗಿದ್ದರು. ನಾನು ಒಳಗೆ ಹೋದಾಗ ಕಿಟಕಿಯ ಹಲಗೆ ಮೇಲೆಲ್ಲ ಬಿಳಿ ಪುಡಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು ಅಂತ ಆಗ ಹೊಳೆಯಿತು. ಕೆಲಸ ಅಲ್ಲಿಗೇ ನಿಲ್ಲಿಸಿ ಬಾಗಿಲು ಮುಚ್ಚಿದೆವು. ಪೊರಕೆ ಮುಟ್ಟಲಿಲ್ಲ, ಗುಡಿಸಿದರೆ ಪುಡಿ ಮತ್ತೆ ಏಳುತ್ತದೆ. ಅವರೇ ಒದ್ದೆ ಬಟ್ಟೆಯಲ್ಲಿ ಒರೆಸಿದರು, ಆ ಬಟ್ಟೆಗಳನ್ನು ಕಟ್ಟಿ ಎಸೆದರು. ಡಾಕ್ಟರಿಗೆ ಹೇಳಿ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿಕೊಂಡೆ. ಫಲಿತಾಂಶ ಬರುವವರೆಗೆ ಊಟ ಸೇರಲಿಲ್ಲ. ಕಡಿಮೆಯೇ ಇತ್ತು. ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಿದ್ದರೆ ಮೈ ಸೀಸವನ್ನು ಜಾಸ್ತಿ ಹೀರುತ್ತದೆ ಎಂದು ಡಾಕ್ಟರ್ ಹೇಳಿದರು. ಅಲ್ಲಿಂದ ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ.

ಎರಡನೆಯದು ಮೀನಿನಲ್ಲಿರುವ ಪಾದರಸ. ಮೈಯಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 50 ದಿನ ಬೇಕು. ಅದು ತಾಯಿಯ ರಕ್ತಕ್ಕಿಂತ ಹೊಕ್ಕುಳಬಳ್ಳಿಯ ರಕ್ತದಲ್ಲಿ ಹೆಚ್ಚಿರುತ್ತದೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಪಾದರಸ ಮೀನಿಗೆ ಸೇರಿ, ಅದನ್ನು ತಿಂದರೂ ಅಷ್ಟಾಗಿ ಕಾಯಿಲೆ ಕಾಣದ ತಾಯಂದಿರಿಗೂ ತೀವ್ರ ತೊಂದರೆಯಿರುವ ಮಕ್ಕಳು ಹುಟ್ಟಿದರು. ಆದರೂ ನಾನು ಮೀನು ಬಿಡಲಿಲ್ಲ, ಮಗುವಿನ ಮಿದುಳಿಗೆ ಅದರ ಕೊಬ್ಬು ಬೇಕು. ಬೇರೆ ಮೀನುಗಳನ್ನು ತಿಂದು ಬದುಕುವ ಶಾರ್ಕ್, ಮಾರ್ಲಿನ್‌ನಂಥ ದೊಡ್ಡ ಮೀನುಗಳನ್ನಷ್ಟೇ ಬಿಟ್ಟು, ಸಣ್ಣವನ್ನು ತಿಂದೆ.

ಪ್ಲಾಸ್ಟಿಕ್ಕಿನಲ್ಲಿರುವ ಬಿಪಿಎ, ಸುಗಂಧದ ವಸ್ತುಗಳಲ್ಲಿರುವ ಥಾಲೇಟ್ ಎಂಬ ರಾಸಾಯನಿಕಗಳು ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೋಗುತ್ತವೆ. ಆದರೆ ದಿನಾ ಬಳಸಿದರೆ ದಿನಾ ಬರುತ್ತಲೇ ಇರುತ್ತವೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಊಟ ಬಿಸಿ ಮಾಡುವುದನ್ನೂ ರೂಮ್ ಫ್ರೆಶ್‌ನರನ್ನೂ ಬಿಟ್ಟೆ. ಬ್ಲೀಚಿಗೆ ಆ್ಯಸಿಡ್ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ. ಇದು ಬಸುರಿಯರಿಗೆ ಮಾತ್ರವಲ್ಲ, ಎಲ್ಲರಿಗೂ.

ಮಗಳು ಈಗ ಅಂಬೆಗಾಲಿಡುತ್ತಿದ್ದಾಳೆ. ನೆಲದ ಧೂಳು ಅವಳ ಕೈಗೆ, ಕೈಯಿಂದ ಬಾಯಿಗೆ. ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವುದನ್ನು ನಾವಿನ್ನೂ ನಿಲ್ಲಿಸಿಲ್ಲ.