ಫೇಸಿಂಗ್ ಹೊಡೆಯೋ ಮುಂಚೆ ಹೀಟ್ ನಂಬರ್ ನೋಡಿ

ಹರಿಹರದ ಒಂದು ವರ್ಕ್‌ಶಾಪ್‌ನಲ್ಲಿ ನಾನು ಕ್ವಾಲಿಟಿ ನೋಡಿಕೊಳ್ಳುತ್ತೇನೆ. ದೊಡ್ಡ ಕಂಪನಿಯ ಸಬ್ ಕಾಂಟ್ರಾಕ್ಟ್ ಹಿಡಿದು ರಾಕೆಟ್ ಮೋಟಾರ್ ಕೇಸಿಂಗ್‌ನ ಉಕ್ಕಿನ ರಿಂಗ್ ಮಾಡಿಕೊಟ್ಟೆವು. ಕಿರ್ಲೋಸ್ಕರ್ ಲೇಥ್ ಕಾರ್ಖಾನೆಯ ಕಾಲದಿಂದಲೂ ನಮ್ಮೂರಲ್ಲಿ ಲೇಥ್ ಕೆಲಸಗಾರರಿಗೆ ಬರವಿಲ್ಲ. ತಲೆನೋವು ಇದ್ದದ್ದು ದಾಖಲೆಯಲ್ಲಿ.

ಸರ್ಕಾರದ ಇನ್‌ಸ್ಪೆಕ್ಟರ್ ಬಂದವರು ಮೈಕ್ರೋಮೀಟರ್ ಮುಟ್ಟಲೇ ಇಲ್ಲ. ಮೊದಲು ಕೇಳಿದ್ದು ಹೀಟ್ ನಂಬರ್. ಯಾವ ಕುಲುಮೆಯ, ಯಾವ ಎರಕದ ಉಕ್ಕು ಎಂದು ಹೇಳುವ ಈ ನಂಬರನ್ನು ಫೋರ್ಜಿಂಗ್, ಅಂದರೆ ಬಡಿದು ರೂಪ ಕೊಟ್ಟ ಉಕ್ಕಿನ ತುಂಡಿನ ಮುಖದ ಮೇಲೆ ಪಂಚ್ ಮಾಡಿರುತ್ತಾರೆ. ಫೇಸಿಂಗ್ ಹೊಡೆದರೆ, ಅಂದರೆ ಲೇಥ್‌ನಲ್ಲಿ ಆ ಮುಖ ಸವರಿದರೆ, ಚಿಪ್ಸ್ ಜೊತೆ ನಂಬರೂ ಹೋಯಿತು. ಹಾಗಾಗಿ ಅದನ್ನು ಮೊದಲೇ ಪಕ್ಕಕ್ಕೆ ಪಂಚ್ ಮಾಡಿ, ಸಹಿ ಹಾಕಿಸಿ, ಆಮೇಲೆ ಟೂಲ್ ತಾಗಿಸಬೇಕು. ನಮ್ಮ ಹಳೇ ಟರ್ನರ್‌ಗೆ ಸಿಟ್ಟು. "ಪೀಸ್ ನನ್ನ ಚಕ್‌ನಲ್ಲೇ ಇದೆ ಸಾರ್, ಬದಲಾಗೋಕೆ ಇದೇನು ಜಾತ್ರೆಯಲ್ಲಿ ಬಿಟ್ಟ ಚಪ್ಪಲಿನಾ?" ಎಂದರು.

ಅಮೆರಿಕದ ಕಥೆ ಹೇಳಿದೆ. 2009 ಮತ್ತು 2011ರಲ್ಲಿ ನಾಸಾದ ಎರಡು ಉಪಗ್ರಹಗಳು ಟಾರಸ್ ಎಕ್ಸ್‌ಎಲ್ ರಾಕೆಟ್ ಸಮೇತ ಹಾಳಾದವು. ಮೇಲಿನ ಕವಚ ಬಿಚ್ಚಿಕೊಳ್ಳಲಿಲ್ಲ. ಅದನ್ನು ಬಿಚ್ಚುವ ಭಾಗಕ್ಕೆ ಅಲ್ಯೂಮಿನಿಯಂ ಕೊಟ್ಟವರು ಟೆಸ್ಟ್ ಸರ್ಟಿಫಿಕೇಟ್ ತಿದ್ದಿದ್ದರು ಎಂದು ನಾಸಾ 2019ರಲ್ಲಿ ಹೇಳಿತು. ನಷ್ಟ 70 ಕೋಟಿ ಡಾಲರ್‌ಗೂ ಜಾಸ್ತಿ. ಅಣ್ಣ ಸುಮ್ನೆ ಪಂಚ್ ಎತ್ತಿಕೊಂಡರು.

ಇನ್ನೊಂದು ಕಾಟ ಬಿಸಿಲು. ಡ್ರಾಯಿಂಗ್‌ನ ಅಳತೆ 20 ಡಿಗ್ರಿಗೆ. ಏಪ್ರಿಲ್‌ನಲ್ಲಿ ನಮ್ಮ ಶೆಡ್ ಸಲೀಸಾಗಿ 40 ಮುಟ್ಟುತ್ತದೆ. 300 ಮಿ.ಮೀ. ಉಕ್ಕಿನ ರಿಂಗ್ ಅಷ್ಟಕ್ಕೇ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ಓ-ರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆ ಕೂರುವ ಜಾಗದಲ್ಲಿ ಇದು ಚಿಕ್ಕ ಮಾತಲ್ಲ. 1986ರಲ್ಲಿ ಚಾಲೆಂಜರ್ ಹೋದದ್ದು ಬೂಸ್ಟರ್ ಜಾಯಿಂಟ್‌ನ ಓ-ರಿಂಗ್ ಚಳಿಗೆ ಪೆಡಸಾಗಿ, ಬಿಸಿ ಅನಿಲ ಸೋರಿ ಅಲ್ವಾ? ನಾವು ರಿಂಗನ್ನೂ ಗೇಜನ್ನೂ ರಾತ್ರಿಯಿಡೀ ಎ.ಸಿ. ರೂಮಲ್ಲಿಟ್ಟು ಬೆಳಿಗ್ಗೆ ಅಳೆಯುತ್ತಿದ್ದೆವು. ಕೈಯಲ್ಲಿ ಹಿಡಿದುಕೊಂಡು ಅಳೆಯಬೇಡಿ, ಮೈ ಬಿಸಿಗೂ ರೀಡಿಂಗ್ ಜರುಗುತ್ತದೆ.

ನನ್ನ ತಕರಾರು ಒಂದೇ. ಕ್ಯೂಎಪಿಯಲ್ಲಿ, ಅಂದರೆ ಗುಣಮಟ್ಟ ತಪಾಸಣೆಯ ಯೋಜನೆಯಲ್ಲಿ, ಹೋಲ್ಡ್ ಪಾಯಿಂಟ್ ಬಂದರೆ ಸಹಿ ಬೀಳುವ ತನಕ ಕೆಲಸ ನಿಲ್ಲಿಸಬೇಕು. ಅದು ಸರಿಯೇ. ಆದರೆ ಇನ್‌ಸ್ಪೆಕ್ಟರ್ ತಡವಾದರೆ ಖಾಲಿ ನಿಂತ ಮೆಷಿನ್ನಿನ ಬಾಡಿಗೆ ನಮ್ಮ ತಲೆ ಮೇಲೆ. ಟೆಂಡರ್ ಮಾತ್ರ ಎಲ್‌1ಗೆ, ಅಂದರೆ ಎಲ್ಲರಿಗಿಂತ ಕಮ್ಮಿ ಬರೆದವನಿಗೆ. ಕಾಯುವುದನ್ನು ಲೆಕ್ಕಕ್ಕೆ ಹಿಡಿಯದವನೇ ಗೆಲ್ಲುತ್ತಾನೆ, ಆಮೇಲೆ ಸಹಿಗೆ ಅವಸರ ಮಾಡುತ್ತಾನೆ. ಈಗ ನನ್ನ ಕೊಟೇಶನ್‌ನಲ್ಲಿ ಇನ್‌ಸ್ಪೆಕ್ಷನ್‌ಗೆ ಕಾಯುವ ಖರ್ಚಿಗೆ ಬೇರೆ ಸಾಲೇ ಇರುತ್ತದೆ. ಕೆಲವು ಆರ್ಡರ್ ಕೈ ತಪ್ಪಿವೆ, ತಪ್ಪಲಿ.