ತೊಗಲುಬೊಂಬೆಯ ಲೇಯರ್‌ಗಳನ್ನು ಆಫ್ಟರ್ ಎಫೆಕ್ಟ್ಸ್‌ಗೆ ತಂದ ನನ್ನ ಅನುಭವ

ಮಕ್ಕಳಿಗಾಗಿ ಎರಡು ನಿಮಿಷದ ಅನಿಮೇಷನ್ ಮಾಡುವಾಗ ಪಾತ್ರಗಳನ್ನು ತೊಗಲುಬೊಂಬೆಯ ಶೈಲಿಯಲ್ಲಿ ಫೋಟೋಶಾಪ್‌ನಲ್ಲಿ ರಚಿಸಿದೆ. ಬೊಂಬೆ ಮಾಡುವವರು ತೊಗಲನ್ನು ತುಂಡು ತುಂಡಾಗಿ ಕತ್ತರಿಸಿ ಕಟ್ಟುವ ಹಾಗೆಯೇ ತಲೆ, ಮುಂಡ, ತೋಳು, ಮುಂಗೈ, ತೊಡೆ ಎಂದು ಒಂದೊಂದು ಅಂಗಕ್ಕೆ ಒಂದೊಂದು ಲೇಯರ್ (ಬೇರೆಯಾಗಿ ತಿದ್ದಬಹುದಾದ ಪದರ) ಇಟ್ಟು, ಕೀಲು ಬರುವ ಕಡೆ ಎರಡೂ ತುಂಡುಗಳ ತುದಿಯನ್ನು ದುಂಡಗೆ ಬರೆದು ಒಂದರ ಮೇಲೊಂದು ಕೂರುವಂತೆ ಮಾಡಿದೆ; ಇಲ್ಲವಾದರೆ ಮೊಣಕೈ ಮಡಚಿದಾಗ ನಡುವೆ ಬಿರುಕು ಕಾಣುತ್ತದೆ. ಮುದ್ರಣದ ಬಣ್ಣಪದ್ಧತಿಯಾದ ಸಿಎಂವೈಕೆಯಲ್ಲಿದ್ದ ಕಡತವನ್ನು ಪರದೆಯ ಬಣ್ಣಪದ್ಧತಿಯಾದ ಆರ್‌ಜಿಬಿಗೆ ಬದಲಿಸಿ, ಪ್ರತಿ ಲೇಯರ್‌ಗೂ ಅಂಗದ ಹೆಸರನ್ನೇ ಕೊಟ್ಟೆ.

ಪಿಎಸ್‌ಡಿ, ಅಂದರೆ ಫೋಟೋಶಾಪ್‌ನ ಕಡತವನ್ನು ಇಂಪೋರ್ಟ್ ಮಾಡುವಾಗ (ಒಳತರುವಾಗ), ಚಿತ್ರಗಳಿಗೆ ಚಲನೆ ಕೊಡುವ ತಂತ್ರಾಂಶವಾದ ಆಫ್ಟರ್ ಎಫೆಕ್ಟ್ಸ್ ಮೂರು ಆಯ್ಕೆಗಳನ್ನು ಮುಂದಿಡುತ್ತದೆ. 'ಫೂಟೇಜ್' ಎಂದರೆ ಇಡೀ ಚಿತ್ರ ಒಂದಾಗಿ, ಇಲ್ಲವೇ ನಾವು ಆರಿಸಿದ ಒಂದೇ ಲೇಯರ್ ಬರುತ್ತದೆ. 'ಕಾಂಪೋಸಿಷನ್' ಎಂದರೆ ಪ್ರತಿ ಲೇಯರ್ ಕೂಡ ಇಡೀ ಕ್ಯಾನ್ವಾಸ್‌ನ ಅಳತೆಯಲ್ಲಿ ಬರುತ್ತದೆ. 'ರಿಟೇನ್ ಲೇಯರ್ ಸೈಜಸ್' ಎಂಬ ಮೂರನೆಯದರಲ್ಲಿ ಲೇಯರ್ ತನ್ನ ಚಿತ್ರವಿರುವಷ್ಟೇ ಅಳತೆಗೆ ಇಳಿಯುತ್ತದೆ. ಲೇಯರ್ ಯಾವ ಬಿಂದುವಿನ ಸುತ್ತ ತಿರುಗುತ್ತದೋ ಆ ಆ್ಯಂಕರ್ ಪಾಯಿಂಟ್ ಆಯಾ ಅಂಗದ ಮಧ್ಯದಲ್ಲೇ ಸಿಗುವುದರಿಂದ ನಾನು ಮೊದಲು ಮೂರನೆಯದನ್ನೇ ಆರಿಸಿದೆ.

ಕೀಲುಗಳನ್ನೆಲ್ಲ ಹೊಂದಿಸಿ ಚಲನೆ ಕೊಟ್ಟಾದ ಮೇಲೆ, ಎಡಕ್ಕೆ ಚಾಚಿದ ಕೈಯ ಬೆರಳುಗಳು ಗಿಡ್ಡವೆನಿಸಿ ಫೋಟೋಶಾಪ್‌ನಲ್ಲಿ ಅವನ್ನು ಉದ್ದ ಮಾಡಿದೆ. ಆಫ್ಟರ್ ಎಫೆಕ್ಟ್ಸ್‌ಗೆ ಮರಳಿ ನೋಡಿದರೆ ಮುಂಗೈ ಮೊಣಕೈಯಿಂದ ಕಳಚಿಕೊಂಡಿತ್ತು. ಆ್ಯಂಕರ್ ಪಾಯಿಂಟಿನ ಲೆಕ್ಕ ಲೇಯರಿನ ಮೇಲಿನ ಎಡ ಮೂಲೆಯಿಂದ ಶುರುವಾಗುತ್ತದೆ. ಚಿತ್ರ ಎಡಕ್ಕೆ ಬೆಳೆದಾಗ ಆ ಮೂಲೆಯೇ ಸರಿದು, ಸಂಖ್ಯೆ ಹಾಗೇ ಉಳಿದರೂ ಅದು ತೋರಿಸುವ ಜಾಗ ಬೇರೆಯಾಗಿತ್ತು. ಇದು ಅರ್ಥವಾಗಲು ನನಗೆ ಒಂದು ಇಡೀ ಸಂಜೆ ಬೇಕಾಯಿತು.

ಬೊಂಬೆಯನ್ನು 'ಕಾಂಪೋಸಿಷನ್' ಆಯ್ಕೆಯಲ್ಲಿ ಮತ್ತೆ ತಂದೆ. ಈಗ ಎಲ್ಲ ಆ್ಯಂಕರ್ ಪಾಯಿಂಟುಗಳೂ ಕ್ಯಾನ್ವಾಸ್ ನಡುವೆ ಬಂದವು. ಒಂದೇ ಒಂದು ಕೀಫ್ರೇಮ್ (ಚಲನೆಯ ಒಂದು ಸ್ಥಿತಿಯನ್ನು ದಾಖಲಿಸುವ ಗುರುತು) ಇಡುವ ಮೊದಲೇ, ವೈ ಕೀ ಒತ್ತಿ ಪ್ಯಾನ್ ಬಿಹೈಂಡ್ ಟೂಲ್ ತೆಗೆದುಕೊಂಡು ಪ್ರತಿಯೊಂದನ್ನೂ ಅದರ ಕೀಲಿಗೆ ಎಳೆದು ಕೂರಿಸಿ, ಮುಂಗೈಯನ್ನು ತೋಳಿಗೂ ತೋಳನ್ನು ಮುಂಡಕ್ಕೂ ಪೇರೆಂಟ್ ಮಾಡಿದೆ, ಅಂದರೆ ಒಂದು ಚಲಿಸಿದರೆ ಅದಕ್ಕೆ ಕಟ್ಟಿದ್ದೂ ಜೊತೆಗೇ ಚಲಿಸುವಂತೆ ಜೋಡಿಸಿದೆ. ಶ್ರಮ ಹೆಚ್ಚಾಯಿತು, ನಿಜ. ಆದರೆ ಆಮೇಲೆ ಬೆರಳು, ಬಳೆ, ಸೆರಗು ಏನನ್ನು ತಿದ್ದಿದರೂ ಕೀಲು ಅಲುಗಲಿಲ್ಲ.

ಹೊಸದಾಗಿ ಸೇರಿಸಿದ ಕಿರೀಟದ ಲೇಯರ್ ಮಾತ್ರ ತಾನಾಗಿ ಬರಲಿಲ್ಲ. ಅದೊಂದನ್ನೇ ಪ್ರತ್ಯೇಕವಾಗಿ ಇಂಪೋರ್ಟ್ ಮಾಡಬೇಕಾಯಿತು. ಮತ್ತೆ ತಿದ್ದುವ ಸಂಭವವಿಲ್ಲದ ಮೋಡ, ಮರಗಳಿಗೆ ಇಂದಿಗೂ ಮೂರನೆಯ ಆಯ್ಕೆಯನ್ನೇ ಬಳಸುತ್ತೇನೆ.